ತಿಂಗಳ ಕಿಲೋಮೀಟರ್ ಸರಿ, ಎಂಜಿನ್ ತಪ್ಪು: ಒಂದು ಕಾಂಪ್ಯಾಕ್ಟ್ ಸೆಡಾನ್‌ನ ಪ್ರಕರಣ ಅಧ್ಯಯನ

ಒಂದೇ ಮಾದರಿಯ ಎರಡು ಕಾಂಪ್ಯಾಕ್ಟ್ ಸೆಡಾನ್‌ಗಳು ಒಂದೇ ಬಳಗದ ಎರಡು ಮನೆಗಳಲ್ಲಿದ್ದವು. ಒಂದು ಡೀಸೆಲ್, ಇನ್ನೊಂದು ಪೆಟ್ರೋಲ್. ಡೀಸೆಲ್ ಕಾರು 14,000 ಕಿ.ಮೀ. ಆಗುವಷ್ಟರಲ್ಲಿ ಲಿಂಪ್ ಮೋಡ್‌ಗೆ (ಹಾನಿ ತಪ್ಪಿಸಲು ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುವ ಸ್ಥಿತಿಗೆ) ಇಳಿಯಿತು. ತಯಾರಿಕೆಯ ದೋಷ ಅದರಲ್ಲಿ ಇರಲಿಲ್ಲ, ಓಡಿಸಿದವರೂ ಒರಟಾಗಿ ಓಡಿಸಿರಲಿಲ್ಲ. ಎಂಜಿನ್ ಆಯ್ಕೆ ಮಾಡುವಾಗ ಹಾಕಿದ ಲೆಕ್ಕದಲ್ಲೇ ಒಂದು ಅಂಶ ಬಿಟ್ಟುಹೋಗಿತ್ತು. ಗುರುತು ಸಿಗದಿರಲೆಂದು ಊರು, ವೃತ್ತಿ, ಸಂಬಂಧಗಳ ವಿವರವನ್ನು ತುಸು ಬದಲಿಸಲಾಗಿದೆ. ಮಾದರಿಯ ಹೆಸರನ್ನೂ ಕೊಟ್ಟಿಲ್ಲ.

ಹಿನ್ನೆಲೆ

ಕಾರಿನ ಒಡತಿ ಕರ್ನಾಟಕದ ಒಂದು ದೊಡ್ಡ ನಗರದಲ್ಲಿ ರೋಗಿಗಳ ಮನೆಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ದಿನಕ್ಕೆ ಎಂಟೊಂಬತ್ತು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಆರೇಳು ಕಿ.ಮೀ., ಪ್ರತಿ ಮನೆಯಲ್ಲೂ ಮುಕ್ಕಾಲು ಗಂಟೆ ಕೆಲಸ. ತಿಂಗಳಿಗೆ 26 ದಿನವೆಂದರೆ ಸುಮಾರು 1,450 ಕಿ.ಮೀ. ಚಿಕಿತ್ಸೆಯ ಯಂತ್ರಗಳು ಮತ್ತು ಮಡಚುವ ಮಂಚ ಸದಾ ಡಿಕ್ಕಿಯಲ್ಲೇ ಇರಬೇಕು, ಹಾಗಾಗಿ ಹ್ಯಾಚ್‌ಬ್ಯಾಕ್ ಬೇಡ, ಸೆಡಾನ್ ಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ಇದೇ ಕಾರಣಕ್ಕೆ ಸಿಎನ್‌ಜಿ ಕೂಡ ಪಟ್ಟಿಯಿಂದ ಹೊರಬಿತ್ತು. ಆಗ ಸಿಲಿಂಡರ್ ಡಿಕ್ಕಿಯ ಬಹುಪಾಲು ಜಾಗವನ್ನು ನುಂಗುತ್ತಿತ್ತು.

ಭಾರತದಲ್ಲಿ ಈ ವರ್ಗದ ಸೆಡಾನ್‌ಗಳ ಎಂಜಿನ್ ಗಾತ್ರವನ್ನು ಬಹುಮಟ್ಟಿಗೆ ತೆರಿಗೆಯೇ ನಿರ್ಧರಿಸಿದೆ. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ದಾಟಬಾರದು. ಇಷ್ಟಿದ್ದರೆ ತೆರಿಗೆ ಕಡಿಮೆ. 2022ರ ಮಧ್ಯಭಾಗದಲ್ಲಿ ಈ ಖರೀದಿ ನಡೆದಾಗ 28% ಜಿಎಸ್‌ಟಿ ಜೊತೆಗೆ ಪೆಟ್ರೋಲಿಗೆ 1%, ಡೀಸೆಲ್‌ಗೆ 3% ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18%ಕ್ಕೆ ಇಳಿಯಿತು, ಗಾತ್ರದ ಮಿತಿಗಳು ಮಾತ್ರ ಹಾಗೇ ಉಳಿದವು. ಹೀಗಾಗಿ ಈ ಒಡತಿಯ ಮುಂದಿದ್ದದ್ದು ಎರಡೇ ದಾರಿ: ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್, ಇಲ್ಲವೇ 200 ಎನ್‌ಎಂ ಆಸುಪಾಸಿನ ಟಾರ್ಕ್ (ಎಳೆಯುವ ಬಲ) ಇರುವ ಟರ್ಬೊ ಡೀಸೆಲ್. ಎರಡಕ್ಕೂ ಅಂತರ ಸುಮಾರು 1.1 ಲಕ್ಷ ರೂಪಾಯಿ.

ಶೋರೂಂನಲ್ಲಿ ಸಿಕ್ಕ ಸಲಹೆ ಎಲ್ಲರೂ ಕೇಳಿರುವಂಥದ್ದೇ: "ಮೇಡಂ, ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಓಡುತ್ತೆ ಅಂದ್ರೆ ಡೀಸೆಲ್ಲೇ ತಗೊಳ್ಳಿ." ಲೆಕ್ಕವೂ ಹಾಗೇ ಹೇಳುತ್ತಿತ್ತು. ಆಗ ಪೆಟ್ರೋಲ್ ಲೀಟರಿಗೆ 102, ಡೀಸೆಲ್ 88 ರೂಪಾಯಿ ಇತ್ತು. ನಗರದಲ್ಲಿ ಪೆಟ್ರೋಲ್ ಕಾರು 13, ಡೀಸೆಲ್ ಕಾರು 17 ಕಿ.ಮೀ. ಕೊಡುತ್ತದೆಂದು ಹಿಡಿದರೆ ತಿಂಗಳ ಖರ್ಚು 11,377 ಮತ್ತು 7,506 ರೂಪಾಯಿ. ಉಳಿತಾಯ 3,871, ಹೆಚ್ಚು ಕೊಟ್ಟ 1.1 ಲಕ್ಷ ಸುಮಾರು 28 ತಿಂಗಳಲ್ಲಿ ವಾಪಸ್. ಗಣಿತದಲ್ಲಿ ತಪ್ಪಿಲ್ಲ. ಆದರೆ ಆ 1,450 ಕಿ.ಮೀ. ಇನ್ನೂರಕ್ಕೂ ಹೆಚ್ಚು ತುಂಡುಗಳಾಗಿ ಒಡೆದಿದೆ, ಪ್ರತಿ ತುಂಡಿನ ನಡುವೆ ಎಂಜಿನ್ ಮುಕ್ಕಾಲು ಗಂಟೆ ಆರುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ.

ತುಂಡು ಓಡಾಟ ಡೀಸೆಲ್‌ಗೆ ಯಾಕೆ ಒಗ್ಗುವುದಿಲ್ಲ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮದಲ್ಲಿ ಡೀಸೆಲ್ ಕಾರು ಉಗುಳಬಹುದಾದ ಕಣಗಳ ಮಿತಿ ಕಿ.ಮೀ.ಗೆ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ನೈಟ್ರೋಜನ್ ಆಕ್ಸೈಡ್‌ಗಳ ಮಿತಿ 250ರಿಂದ 80 ಮಿಲಿಗ್ರಾಂಗೆ ಬಂತು. ಇದನ್ನು ಪಾಲಿಸಲು ಡಿಪಿಎಫ್ ಎಂಬ ಫಿಲ್ಟರ್ ಬೇಕೇಬೇಕಾಯಿತು. ಜೇನುಗೂಡಿನಂಥ ಪಿಂಗಾಣಿ ಕೊಳವೆಗಳು ಒಂದು ಬಿಟ್ಟು ಒಂದು ಮುಚ್ಚಿರುತ್ತವೆ. ಹೊಗೆ ಗೋಡೆಯ ಮೂಲಕ ತೂರಿಯೇ ಹೋಗಬೇಕು, ಮಸಿ ಒಳಗೇ ಉಳಿಯುತ್ತದೆ.

ಉಳಿದ ಮಸಿಯನ್ನು ಕಾರೇ ಸುಡಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದರೆ ಸೈಲೆನ್ಸರ್ ಬದಿಯ ಬಿಸಿ 250ರಿಂದ 400 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮಸಿ ತಾನಾಗಿಯೇ ನಿಧಾನಕ್ಕೆ ಉರಿಯುತ್ತದೆ. ಅಷ್ಟು ಸಾಲದಿದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಮಸಿ ಸುಡುವ ಕೆಲಸವನ್ನು (ರೀಜೆನ್) ತಾನೇ ಶುರು ಮಾಡುತ್ತದೆ. ಪಿಸ್ಟನ್ ಕೆಳಗಿಳಿಯುವ ಹೊತ್ತಿನಲ್ಲಿ ತಡವಾಗಿ ಒಂದಿಷ್ಟು ಡೀಸೆಲ್ ಸಿಂಪಡಿಸಿ, ಅದು ಡಿಪಿಎಫ್‌ನ ಮುಂದಿರುವ ಕ್ಯಾಟಲಿಸ್ಟ್‌ನಲ್ಲಿ ಉರಿದು, ಫಿಲ್ಟರಿನ ಬಿಸಿಯನ್ನು 600 ಡಿಗ್ರಿ ಆಸುಪಾಸಿಗೆ ಏರಿಸುತ್ತದೆ. ಇದಕ್ಕೆ 10ರಿಂದ 20 ನಿಮಿಷ ಬೇಕು, ಅದೂ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ.

ಆರೇಳು ಕಿ.ಮೀ. ನಗರದ ಓಡಾಟ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಂಜಿನ್ ಬಿಸಿಯಾಗುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ರೀಜೆನ್ ಶುರುವಾಗಿ ಐದಾರು ನಿಮಿಷಕ್ಕೆ ಕೀ ಆಫ್. ಮುಂದಿನ ಸಲ ಮತ್ತೆ ಮೊದಲಿಂದ ಶುರು, ಮತ್ತೆ ಅರ್ಧಕ್ಕೇ ಆಫ್. ಪ್ರತಿ ವಿಫಲ ಯತ್ನದಲ್ಲೂ ತಡವಾಗಿ ಸಿಂಪಡಿಸಿದ ಡೀಸೆಲ್‌ನ ಒಂದು ಪಾಲು ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಮಸಿ ಉರಿಯುವುದಿಲ್ಲ, ಡೀಸೆಲ್ ಮಾತ್ರ ಖರ್ಚಾಗುತ್ತದೆ, ಆಯಿಲ್ ತೆಳ್ಳಗಾಗುತ್ತದೆ.

ಸಮಸ್ಯೆ ಬೆಳೆದ ಬಗೆ

7,000 ಕಿ.ಮೀ. ಸುಮಾರಿಗೆ ಡಿಪಿಎಫ್ ದೀಪ ಮೊದಲ ಸಲ ಹತ್ತಿತು. ಕೈಪಿಡಿಯಲ್ಲಿ ಹೇಳಿದಂತೆ ಭಾನುವಾರ ರಿಂಗ್ ರೋಡಿನಲ್ಲಿ 60ರ ಮೇಲಿನ ವೇಗದಲ್ಲಿ ಅರ್ಧ ಗಂಟೆ ಓಡಿಸಿದಾಗ ಆರಿತು. ಅಲ್ಲಿಂದ ಮುಂದೆ ಮೂರು ವಾರಕ್ಕೊಮ್ಮೆ ಇದೇ ಕಥೆ. ದೀಪ ಆರಿದರೆ ಸಮಸ್ಯೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ, ಇಲ್ಲೂ ಹಾಗೇ ಆಯಿತು. ಓಡಾಟದ ರೀತಿ ಈ ಎಂಜಿನ್‌ಗೆ ಹೊಂದುತ್ತಿಲ್ಲವೆಂದು ಕಾರು ಆ ಮೊದಲ ದೀಪದಲ್ಲೇ ತಿಳಿಸಿತ್ತು. ಎರಡನೇ ಸಲ ಹತ್ತಿದಾಗಲಾದರೂ ಇಸಿಯು ದಾಖಲೆ ಓದುವ ಸ್ಕ್ಯಾನರ್ ಹಾಕಿ ರೀಜೆನ್ ಇತಿಹಾಸ ನೋಡಿದ್ದರೆ ಮುಂದಿನ ಖರ್ಚು ಅರ್ಧಕ್ಕರ್ಧ ತಪ್ಪುತ್ತಿತ್ತು.

10,000 ಕಿ.ಮೀ. ಸರ್ವಿಸ್ ಹೊರಗಿನ ಗ್ಯಾರೇಜ್‌ನಲ್ಲಿ ನಡೆಯಿತು. ಹಾಕಿದ ಆಯಿಲ್ ಒಳ್ಳೆಯ ಬ್ರ್ಯಾಂಡಿನದೇ, ದಪ್ಪವೂ 5ಡಬ್ಲ್ಯೂ-30. ಆದರೆ ಡಬ್ಬದ ಹಿಂಬದಿಯಲ್ಲಿ ಆಯಿಲ್‌ನ ವರ್ಗ ಎ3/ಬಿ4 ಎಂದಿತ್ತು. ಈ ಕಾರಿಗೆ ಬೇಕಾಗಿದ್ದು ಸಿ3. ಸಿ3 ಆಯಿಲ್‌ನಲ್ಲಿ ಸಲ್ಫೇಟೆಡ್ ಬೂದಿಯ ಅಂಶ 0.8% ಮೀರುವಂತಿಲ್ಲ. ಎ3/ಬಿ4ನಲ್ಲಿ ಅದು 1%ಕ್ಕಿಂತ ಹೆಚ್ಚಿರಬಹುದು. ಸುಟ್ಟರೆ ಮಸಿ ಹೋಗುತ್ತದೆ, ಬೂದಿ ಮಾತ್ರ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಫಿಲ್ಟರಿನ ತಳ ಸೇರಿ ಜಾಗ ಹಿಡಿಯುತ್ತದೆ. ಕೆಲವೇ ಸಾವಿರ ಕಿ.ಮೀ.ಗೆ ಇದರಿಂದ ದೊಡ್ಡ ಹಾನಿ ಆಗದು. ಆದರೂ ಈ ಡಿಪಿಎಫ್‌ಗೆ ಇದು ಬೇಡದ ಹೊರೆ.

ಅದರ ನಂತರ ಮೈಲೇಜ್ 17ರಿಂದ ಇಳಿಯುತ್ತ 12.5ಕ್ಕೆ ಬಂತು. ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಸಿಗ್ನಲ್‌ನಲ್ಲಿ ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) 800ರಿಂದ 1,000ಕ್ಕೆ ಏರುತ್ತಿತ್ತು, ಬಿಸಿ ಕಬ್ಬಿಣದ ವಾಸನೆ ಬರುತ್ತಿತ್ತು. ಇವೆಲ್ಲ ರೀಜೆನ್ ನಡೆಯುತ್ತಿರುವ ಗುರುತುಗಳು. ಎಲ್ಲಕ್ಕಿಂತ ಮುಖ್ಯವಾದ ಸುಳಿವು ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿತ್ತು: ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಒಂದು ಸೆಂಟಿಮೀಟರ್ ಮೇಲೆ. "ನಿಮ್ ಗಾಡಿ ಆಯಿಲ್ ಕುಡಿಯಲ್ಲ, ಒಳ್ಳೇದು ಬಿಡಿ" ಎಂದು ಯಾರೋ ಹೇಳಿದರು, ಅಲ್ಲಿಗೆ ಅದು ಮುಗಿಯಿತು. ಆಯಿಲ್ ಮಟ್ಟ ಏರುವುದೂ ಅಪಾಯಕಾರಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಸವೆಸುತ್ತದೆ. ಮಟ್ಟ ಮಿತಿಮೀರಿದರೆ ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಆಯಿಲ್ ಸಿಲಿಂಡರ್‌ಗೇ ಹೊಕ್ಕು ಉರಿದು, ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡಬಹುದು.

14,000 ಕಿ.ಮೀ. ಹತ್ತಿರ ಎಂಜಿನ್ ದೀಪ ಹತ್ತಿ ಪಿಕಪ್ ಸತ್ತಿತು. ಗಾಡಿ ಏರಿನಲ್ಲಿ ತೆವಳತೊಡಗಿತು.

ಏನೇನು ಪ್ರಯತ್ನಿಸಲಾಯಿತು

ಮೊದಲ ವರ್ಕ್‌ಶಾಪ್‌ನ ಸ್ಕ್ಯಾನರ್ ಎರಡು ಕೋಡ್ ತೋರಿಸಿತು: ಮಸಿ ಅತಿಯಾಗಿದೆ ಎನ್ನುವ ಪಿ2463, ಡಿಪಿಎಫ್‌ನ ಒತ್ತಡ ಸೆನ್ಸರ್ ಹೇಳುವುದು ನಂಬುವಂತಿಲ್ಲ ಎನ್ನುವ ಪಿ2453. ಮೊದಲನೆಯದನ್ನಷ್ಟೇ ಹಿಡಿದು ಡಿಪಿಎಫ್ ಜೋಡಣೆಯನ್ನೇ ಬದಲಿಸಬೇಕೆಂದು ಲಕ್ಷ ದಾಟುವ ಅಂದಾಜು ಕೊಟ್ಟರು. ಮಸಿ ತುಂಬಿದ್ದಕ್ಕೆ ಓಡಾಟದ ರೀತಿ ಕಾರಣವಾಗಿದ್ದರೆ ಹೊಸ ಡಿಪಿಎಫ್ ಕೂಡ ಅದೇ 14,000 ಕಿ.ಮೀ.ಗೆ ಅದೇ ಸ್ಥಿತಿಗೆ ಬರುತ್ತಿತ್ತು. ಒಡತಿ ಇನ್ನೊಬ್ಬರ ಅಭಿಪ್ರಾಯ ಕೇಳಲು ನಿರ್ಧರಿಸಿದ್ದು ಈ ಪ್ರಕರಣದ ದೊಡ್ಡ ತಿರುವು.

ಎರಡನೇ ವರ್ಕ್‌ಶಾಪ್ ಎರಡನೇ ಕೋಡಿನಿಂದ ಶುರು ಮಾಡಿತು. ಡಿಪಿಎಫ್‌ನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಅಳೆಯಲು ಒಂದು ಸೆನ್ಸರ್, ಅದಕ್ಕೆ ಎರಡು ಸಣ್ಣ ಹೋಸ್ ಇರುತ್ತವೆ. ಹೋಸ್‌ಗಳನ್ನು ಕಳಚಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿದಾಗ ಸೆನ್ಸರ್ ಸೊನ್ನೆ ತೋರಿಸಿತು. ಅಂದರೆ ಸೆನ್ಸರ್ ಸರಿಯಿದೆ. ಫಿಲ್ಟರಿನ ಮುಂಬದಿಯ ಹೋಸ್ ಕ್ಲಿಪ್ಪಿನ ಬಳಿ ಬಿಸಿಗೆ ಸೀಳಿತ್ತು. ಒತ್ತಡ ಅಲ್ಲೇ ಸೋರಿ, ಫಿಲ್ಟರ್ ಇರುವುದಕ್ಕಿಂತ ಖಾಲಿಯಾಗಿರುವಂತೆ ತೋರುತ್ತಿತ್ತು. ಓಡಿದ ದೂರ, ಸುರಿದ ಇಂಧನ ನೋಡಿ ಇಸಿಯು ಹಾಕುವ ಲೆಕ್ಕ ಒಂದಾದರೆ, ಸೆನ್ಸರ್ ಹೇಳುವುದು ಇನ್ನೊಂದು. ಎರಡೂ ತಾಳೆಯಾಗದೆ ಪಿ2453 ಬಂದಿತ್ತು. ಕೆಲವು ನೂರು ರೂಪಾಯಿಯ ಹೋಸ್ ಬದಲಿಸಿದ ಮೇಲೆ ನಿಜವಾದ ಅಂಕಿ ಸಿಕ್ಕಿತು: ಐಡಲ್‌ನಲ್ಲಿ 25 ಮಿಲಿಬಾರ್, 2,500 ಆರ್‌ಪಿಎಂನಲ್ಲಿ 180. ಈ ಗಾತ್ರದ ಫಿಲ್ಟರ್ ಚೊಕ್ಕವಾಗಿದ್ದರೆ ಐಡಲ್‌ನಲ್ಲಿ ಒಂದಂಕಿಯಲ್ಲೇ ಇರಬೇಕು.

ಎಂಜಿನ್‌ನ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕವಾಟ ಮುಚ್ಚದೆ ತೆರೆದೇ ನಿಂತಿದ್ದರೆ ಕೂಡ ಎಂಜಿನ್ ಬಿಸಿಯಾಗದೆ ರೀಜೆನ್ ತಪ್ಪುತ್ತದೆ. ಅದನ್ನೂ ನೋಡಿದರು, ಕೂಲಂಟ್ 88 ಡಿಗ್ರಿ ಮುಟ್ಟುತ್ತಿತ್ತು, ತೊಂದರೆಯಿಲ್ಲ. ಇಂಜೆಕ್ಟರ್ ಸೋರಿಕೆ ಪರೀಕ್ಷೆಯೂ ಸರಿಯಾಗಿ ಬಂತು. ಆಮೇಲೆ ಸ್ಕ್ಯಾನರ್‌ನಲ್ಲಿ ರೀಜೆನ್ ದಾಖಲೆ ತೆರೆದಾಗ ವಿಷಯ ಸ್ಪಷ್ಟವಾಯಿತು: ಕೊನೆಯ 20 ಯತ್ನಗಳಲ್ಲಿ 13 ಅರ್ಧಕ್ಕೇ ನಿಂತಿದ್ದವು.

ಲೆಕ್ಕದ ಪ್ರಕಾರ ಫಿಲ್ಟರ್‌ನಲ್ಲಿ 41 ಗ್ರಾಂ ಮಸಿ. ನಿಂತಲ್ಲೇ ಸ್ಕ್ಯಾನರ್‌ನಿಂದ ಮಾಡಿಸುವ ಸರ್ವಿಸ್ ರೀಜೆನ್‌ಗೆ ಈ ಕಾರಿನ ಮಿತಿ 40. ಉಪಕರಣ ಒಪ್ಪಲಿಲ್ಲ. ಆ ಮಿತಿ ದಾಟಿಸಿ ಬಲವಂತವಾಗಿ ಮಾಡಿಸುವವರೂ ಇದ್ದಾರೆ, ಮಾಡಿಸಬಾರದು: ಮಸಿ ಒಟ್ಟಿಗೇ ಹೊತ್ತಿಕೊಂಡರೆ ಬಿಸಿ ಹತೋಟಿ ತಪ್ಪಿ ಪಿಂಗಾಣಿ ಸೀಳುತ್ತದೆ, ಕರಗಲೂಬಹುದು.

ಹೀಗಾಗಿ ಮೊದಲು ಆಯಿಲ್ ಇಳಿಸಿದರು. ಹಾಕಿದ್ದು 4.7 ಲೀಟರ್, ಹೊರಬಂದದ್ದು 5.3. ಕನಿಷ್ಠ 0.6 ಲೀಟರ್ ಡೀಸೆಲ್, ಅಂದರೆ 11%ಕ್ಕೂ ಹೆಚ್ಚು. ಡಿಪಿಎಫ್ ಬಿಚ್ಚಿ, ತೂಕ ಮಾಡಿ, ಕುಲುಮೆಯಲ್ಲಿ ಹಂತಹಂತವಾಗಿ 600 ಡಿಗ್ರಿವರೆಗೆ ಕಾಯಿಸಿ, ತಣಿದ ಮೇಲೆ ಹಿಂಬದಿಯಿಂದ ಗಾಳಿಯ ಹೊಡೆತ ಕೊಟ್ಟು ಬೂದಿ ಉದುರಿಸಿದರು. ಮತ್ತೆ ತೂಗಿದಾಗ 62 ಗ್ರಾಂ ಇಳಿದಿತ್ತು. ತೂಕದ ಈ ಎರಡು ಅಂಕಿಗಳನ್ನು ಬರೆದುಕೊಡದ ಕಡೆ ಡಿಪಿಎಫ್ ಶುಚಿ ಮಾಡಿಸದಿರುವುದೇ ಒಳ್ಳೆಯದು. ಬರೀ ಪ್ರೆಶರ್ ನೀರು ಹೊಡೆದು ಕೊಟ್ಟರೆ ಗ್ರಾಹಕರಿಗೆ ಗೊತ್ತಾಗುವುದೇ ಇಲ್ಲ. ಹೊಸ ಗ್ಯಾಸ್ಕೆಟ್, ಸಿ3 ಆಯಿಲ್, ಹೊಸ ಆಯಿಲ್ ಫಿಲ್ಟರ್ ಹಾಕಿ, ಇಸಿಯುನಲ್ಲಿ ಮಸಿಯ ಲೆಕ್ಕವನ್ನು ಸೊನ್ನೆ ಮಾಡಿದರು. ಐಡಲ್ ಒತ್ತಡ 4 ಮಿಲಿಬಾರ್‌ಗೆ ಬಂತು.

ಕಾರು ಸರಿಯಾಯಿತು, ಓಡಾಟ ಬದಲಾಗಲಿಲ್ಲ

ಮುಂದೇನು ಎಂಬುದಕ್ಕೆ ನಾಲ್ಕು ದಾರಿಗಳಿದ್ದವು.

ಒಬ್ಬ ಟ್ಯೂನರ್ ಡಿಪಿಎಫ್ ಒಳಗಿನದನ್ನು ತೆಗೆದು ಇಸಿಯುಗೆ ಹೊಸ ಸಾಫ್ಟ್‌ವೇರ್ ಹಾಕಿಕೊಡುವುದಾಗಿ ಹೇಳಿದ. ಖರ್ಚು ಕಡಿಮೆ, ದೀಪ ಮತ್ತೆ ಹತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ, ವಾರಂಟಿಯೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಸಿರಾಟದ ತೊಂದರೆ ಇರುವ ರೋಗಿಗಳ ಮನೆ ಬಾಗಿಲಲ್ಲಿ ದಿನವೂ ನಿಲ್ಲುವ ಗಾಡಿ ಅದು. ಒಡತಿ ಒಪ್ಪಲಿಲ್ಲ, ಸರಿಯಾಗಿಯೇ ಮಾಡಿದರು.

ಎರಡನೆಯದು, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ 60 ಕಿ.ಮೀ. ಓಡಿಸಿ ಬರುವುದು. ಇದನ್ನು ಎರಡು ತಿಂಗಳು ನಿಷ್ಠೆಯಿಂದ ಮಾಡಿದರು. ದೀಪ ಹತ್ತಲಿಲ್ಲ, ಆದರೆ ವಾರದ ನಡುವೆ ರೀಜೆನ್ ಮುರಿಯುವುದು ನಿಲ್ಲಲಿಲ್ಲ. ಆಯಿಲ್ ಮತ್ತೆ ಏರತೊಡಗಿತು. ತಿಂಗಳಿಗೆ 240 ಕಿ.ಮೀ. ಹೆಚ್ಚುವರಿ ಓಟಕ್ಕೆ 1,240 ರೂಪಾಯಿ ಡೀಸೆಲ್. 12.5 ಮೈಲೇಜ್‌ನಲ್ಲಿ ಪೆಟ್ರೋಲ್ ಕಾರಿಗಿಂತ ಉಳಿಯುತ್ತಿದ್ದದ್ದು ತಿಂಗಳಿಗೆ 1,169 ಮಾತ್ರ. ಡೀಸೆಲ್ ಕೊಂಡ ಉದ್ದೇಶವೇ ಅಲ್ಲಿಗೆ ಮುಗಿದಿತ್ತು.

ಮೂರನೆಯದು, ಮಾರಿ ಪೆಟ್ರೋಲ್ ಕೊಳ್ಳುವುದು. ಎರಡು ವರ್ಷವೂ ಆಗದ ಕಾರಿಗೆ ದೊಡ್ಡ ನಷ್ಟ.

ನಾಲ್ಕನೆಯದು ಹೊಳೆದದ್ದು ಅಕ್ಕನ ಮನೆಯಲ್ಲಿ. ಭಾವನ ಬಳಿ ಇದೇ ಮಾದರಿಯ ಪೆಟ್ರೋಲ್ ಕಾರಿತ್ತು. ಅವರು ಕೆಲಸಕ್ಕೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗಿಬರಲು ದಿನಕ್ಕೆ 140 ಕಿ.ಮೀ., ತಿಂಗಳಿಗೆ 24 ದಿನ ಓಡಿಸುತ್ತಿದ್ದರು. "ಭಾವ, ನಿಮ್ಮ ಓಡಾಟ ನನ್ನ ಕಾರಿಗೆ ಬೇಕಿತ್ತು" ಎಂದು ನಾದಿನಿ ಹೇಳಿದ ಮಾತಿನಿಂದಲೇ ವಿನಿಮಯದ ಯೋಚನೆ ಶುರುವಾಯಿತು.

ಮನೆಯೊಳಗಿನ ವಿಷಯವೆಂದು ಬರೀ ಕೀ ಬದಲಿಸಿಕೊಳ್ಳಲಿಲ್ಲ. ಫಾರಂ 29 ಮತ್ತು 30 ಸಲ್ಲಿಸಿ ಎರಡೂ ಆರ್‌ಸಿಗಳ ಹೆಸರು ಬದಲಿಸಿದರು, 14 ದಿನದೊಳಗೆ ವಿಮೆ ವರ್ಗಾವಣೆಗೆ ಅರ್ಜಿ ಕೊಟ್ಟರು. ನೋ ಕ್ಲೇಮ್ ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ. ಅದರ ವ್ಯತ್ಯಾಸವನ್ನು ಇಬ್ಬರೂ ಕಟ್ಟಬೇಕಾಯಿತು. ಬೆಲೆಯ ಅಂತರವನ್ನು ಬ್ಯಾಂಕ್ ಮೂಲಕವೇ ತೀರಿಸಿಕೊಂಡರು. ಹಸ್ತಾಂತರಕ್ಕೆ ಮುಂಚೆ ಡೀಸೆಲ್ ಕಾರಿನ ಆಯಿಲ್ ಇನ್ನೊಮ್ಮೆ ಬದಲಾಯಿತು.

ಫಲ

ಭಾವನ ಕೈಯಲ್ಲಿ ಡೀಸೆಲ್ ಕಾರು 21 ಕಿ.ಮೀ. ಕೊಡತೊಡಗಿತು. ರೀಜೆನ್ 600 ಕಿ.ಮೀ. ದಾಟಿದ ಮೇಲೊಮ್ಮೆ, ಅದೂ ಪೂರ್ತಿಯಾಗಿ. ಮುಂದಿನ ಸರ್ವಿಸ್‌ವರೆಗೆ ಆಯಿಲ್ ಮಟ್ಟ ಕದಲಲಿಲ್ಲ. ಮೊದಲು ಪೆಟ್ರೋಲ್ ಕಾರಿನಲ್ಲಿ 17 ಮೈಲೇಜ್‌ಗೆ ಅವರ ತಿಂಗಳ ಖರ್ಚು 20,160 ಇದ್ದದ್ದು 14,080ಕ್ಕೆ ಇಳಿಯಿತು. ನಾದಿನಿಯ ಖರ್ಚು ತಿಂಗಳಿಗೆ 1,624 ಏರಿತು, ಏಕೆಂದರೆ ಪೆಟ್ರೋಲ್ ಕಾರೂ ತುಂಡು ಓಡಾಟದಲ್ಲಿ 12.5 ಮಾತ್ರ ಕೊಟ್ಟಿತು. ಎರಡೂ ಮನೆ ಸೇರಿ ಉಳಿದದ್ದು 4,456 ರೂಪಾಯಿ. ಕಾರುಗಳು ಅವೇ, ರಸ್ತೆಗಳೂ ಅವೇ.

ಇದರಿಂದ ತಿಳಿಯುವುದು

ಡೀಸೆಲ್ ಕೊಳ್ಳುವ ಯೋಚನೆಯಿದ್ದರೆ ಒಂದು ವಾರ ಈಗಿರುವ ಗಾಡಿಯಲ್ಲೇ ಪ್ರತಿ ಓಡಾಟವನ್ನು ಬರೆದಿಡಿ: ಎಷ್ಟು ನಿಮಿಷ ನಿಲ್ಲದೆ ಓಡಿತು, ಯಾವ ವೇಗದಲ್ಲಿ, ಆಮೇಲೆ ಎಷ್ಟು ಹೊತ್ತು ಆರಿತು. ಅರ್ಧ ಗಂಟೆಗೆ ಕಡಿಮೆಯಿಲ್ಲದ, 50–60ರ ಮೇಲಿನ ಒಂದೇ ಸಮನೆ ಓಟ ವಾರಕ್ಕೆ ಎರಡು ಮೂರಾದರೂ ಸಹಜವಾಗಿ ಬರದಿದ್ದರೆ ಬಿಎಸ್6 ಡೀಸೆಲ್ ಬೇಡ, ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿದರೂ ಸರಿ. ಡಿಪಿಎಫ್ ಇಲ್ಲದ ಕಾಲದಲ್ಲಿ ತಿಂಗಳ ಕಿಲೋಮೀಟರ್ ಒಂದೇ ಅಳತೆ ಸಾಕಾಗುತ್ತಿತ್ತು, ಈಗ ಸಾಲದು.

ಈಗಾಗಲೇ ಡೀಸೆಲ್ ಇರುವವರು ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಬೇಕು. ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಆಯಿಲ್ ಬದಲಿಸಿ. ಫ್ಯಾನ್ ಜೋರಾಗಿದ್ದು ಐಡಲ್ ಏರಿದ್ದರೆ ಕೀ ತೆಗೆಯದೆ ಇನ್ನೊಂದು ಸುತ್ತು ಹಾಕಿಬನ್ನಿ. ಆಗ ಫಿಲ್ಟರ್ ಕಾದಿರುವುದರಿಂದ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಹಳೆಯ ಡೀಸೆಲ್ ಕೊಳ್ಳುವವರು ಸ್ಕ್ಯಾನರ್‌ನಲ್ಲಿ ರೀಜೆನ್ ಇತಿಹಾಸ ತೋರಿಸಿರೆಂದು ಕೇಳಬೇಕು. ಓಡೋಮೀಟರ್ ಹೇಳದ ಸಂಗತಿ ಅಲ್ಲಿರುತ್ತದೆ.

ತುಂಡು ಓಡಾಟ ಪೆಟ್ರೋಲ್ ಎಂಜಿನ್‌ಗೂ ಒಳ್ಳೆಯದಲ್ಲ, ತಡೆದುಕೊಳ್ಳುತ್ತದೆ ಅಷ್ಟೇ. ತಣ್ಣಗಿರುವ ಎಂಜಿನ್‌ನಲ್ಲಿ ನೀರಿನ ಅಂಶ ಮತ್ತು ಒಂದಿಷ್ಟು ಪೆಟ್ರೋಲ್ ಆಯಿಲ್‌ಗೆ ಸೇರುತ್ತವೆ. ಹಾಗಾಗಿ ಈ ಒಡತಿಯ ಪೆಟ್ರೋಲ್ ಕಾರಿಗೆ ಈಗ 10,000 ಕಿ.ಮೀ. ಕಾಯದೆ ಐದು ಸಾವಿರಕ್ಕೆ ಆಯಿಲ್ ಬದಲಿಸಲಾಗುತ್ತಿದೆ. ದಿನಕ್ಕೆ ಎಂಟೊಂಬತ್ತು ಸಲ ಸ್ಟಾರ್ಟ್ ಆಗುವ ಬ್ಯಾಟರಿಯ ವೋಲ್ಟೇಜನ್ನು ಪ್ರತಿ ಸರ್ವಿಸ್‌ನಲ್ಲೂ ಅಳೆಯುತ್ತಾರೆ. ರಾತ್ರಿಯಿಡೀ ನಿಂತ ಮೇಲೆ 12.4ಕ್ಕಿಂತ ಕೆಳಗಿದ್ದರೆ ಚಾರ್ಜರ್ ಹಾಕಿ ತುಂಬಿಸುತ್ತಾರೆ.